ಯಾರ ಇಷ್ಟದ ಹಾಡು?

ಒಂದು ಹಾಡು ಬೆಳಿಗ್ಗೆ ರೇಡಿಯೋದಲ್ಲಿ ಬರುತ್ತದೆ. ಮಧ್ಯಾಹ್ನ ಮತ್ತೆ ಬರುತ್ತದೆ. ಸಂಜೆ ಬಸ್ಸು ಹತ್ತಿದರೆ ಅಲ್ಲಿಯೂ ಅದೇ. ಮೊದಲ ದಿನ ಕೇಳಿದವನಿಗೆ ಅದು ಅಷ್ಟಾಗಿ ಹಿಡಿಸಿರುವುದಿಲ್ಲ. ವಾರ ಕಳೆಯುವಷ್ಟರಲ್ಲಿ ಬಚ್ಚಲುಮನೆಯಲ್ಲಿ ಅದನ್ನೇ ಗುನುಗುತ್ತಿರುತ್ತಾನೆ. ಈ ಹಾಡು ನಿನಗೆ ಇಷ್ಟವೆ ಎಂದು ಕೇಳಿದರೆ ಹೌದು ಎನ್ನುತ್ತಾನೆ. ಯಾವಾಗಿನಿಂದ ಇಷ್ಟ ಎಂದರೆ ಮಾತ್ರ ಉತ್ತರ ತೋಚುವುದಿಲ್ಲ.

ಈ ಇಷ್ಟ ಅವನದೇ ಆಗಿತ್ತೆ? ಅಥವಾ ಯಾರೋ ಕಾಸು ಖರ್ಚು ಮಾಡಿ ಅವನೊಳಗೆ ಬೆಳೆಸಿದ್ದೆ? ಇದು ಬಚ್ಚಲುಮನೆಯಲ್ಲಿಯೇ ಮುಗಿಯಬೇಕಾದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಅಮೆರಿಕದಲ್ಲಿ ಇದು ಸಂಸತ್ತಿನ ವಿಚಾರಣೆಯವರೆಗೆ, ನ್ಯಾಯಾಲಯದವರೆಗೆ ಹೋಯಿತು. ಅಲ್ಲಿಗೆ ಅದನ್ನು ಎಳೆದೊಯ್ದದ್ದು ಹರೆಯದವರು ಕುಣಿಯುತ್ತಿದ್ದ ಹಾಡುಗಳು.

ಯಾರೂ ದುಡ್ಡು ಸುರಿಯದೆ ತಾನಾಗಿಯೇ ಬೆಳೆದ ಒಂದು ಹಾಡಿನಿಂದ ಆರಂಭಿಸಬಹುದು. 1972ರಲ್ಲಿ ಆಫ್ರಿಕ ಖಂಡದ ಫುಟ್‌ಬಾಲ್ ಪಂದ್ಯಾವಳಿ ಕ್ಯಾಮರೂನ್ ದೇಶದಲ್ಲಿ ನಡೆಯಿತು. ತನ್ನ ನಾಡಿನ ತಂಡವನ್ನು ಹುರಿದುಂಬಿಸಲು ಸ್ಯಾಕ್ಸೋಫೋನ್ ವಾದಕ ಮನು ದಿಬಾಂಗೋ ಒಂದು ಗೀತೆ ಮಾಡಿದ. ಗ್ರಾಮಫೋನ್ ತಟ್ಟೆಗೆ ಎರಡು ಮಗ್ಗುಲು. ಹಿಂದಿನ ಮಗ್ಗುಲಿಗೆ ‘ಸೋಲ್ ಮಕೋಸ’ ಎಂಬ ಕುಣಿತದ ಹಾಡು ಸೇರಿತು. ತಂಡಕ್ಕೆ ಕಪ್ಪು ದೊರೆಯಲಿಲ್ಲ. ಫುಟ್‌ಬಾಲ್ ಗೀತೆಯೂ ಹಿಂದೆ ಸರಿಯಿತು. ಹಿಂದಿನ ಮಗ್ಗುಲಿನ ಹಾಡು ಮಾತ್ರ ಕಡಲು ದಾಟಿತು.

ಕಡಲಾಚೆ ನ್ಯೂಯಾರ್ಕಿನ ಬ್ರೂಕ್ಲಿನ್ ಭಾಗದಲ್ಲಿ, ವೆಸ್ಟ್ ಇಂಡೀಸ್ ಮೂಲದವರ ರೆಕಾರ್ಡು ಅಂಗಡಿಯೊಂದರಲ್ಲಿ ಅದು ಡೇವಿಡ್ ಮ್ಯಾಂಕೂಸೋ ಎಂಬಾತನ ಕೈಗೆ ಸಿಕ್ಕಿತು. ಈತ 1970ರಿಂದ ತಾನು ವಾಸವಾಗಿದ್ದ ಗೋದಾಮಿನಂಥ ವಿಶಾಲ ಮಾಳಿಗೆಯಲ್ಲಿಯೇ ಗೆಳೆಯರನ್ನು ಕರೆದು ರಾತ್ರಿಯಿಡೀ ಕುಣಿತದ ಕೂಟ ನಡೆಸುತ್ತಿದ್ದ. ‘ದ ಲಾಫ್ಟ್’ ಎಂದು ಅದಕ್ಕೆ ಹೆಸರು. ಅಲ್ಲಿ ಮದ್ಯದ ಮಾರಾಟವಿರಲಿಲ್ಲ. ಕಪ್ಪು ಜನ, ಬಿಳಿ ಜನ, ಲ್ಯಾಟಿನ್ ಅಮೆರಿಕದ ಮೂಲದವರು, ಹೊರಗೆ ಎಲ್ಲಿಯೂ ಜೊತೆಯಾಗಿ ಕುಣಿಯಲು ಅಂಜಬೇಕಾಗಿದ್ದ ಸಲಿಂಗಿಗಳು, ಎಲ್ಲರೂ ಒಂದೇ ನೆಲದ ಮೇಲೆ ಹೆಜ್ಜೆ ಹಾಕುತ್ತಿದ್ದರು. ಮ್ಯಾಂಕೂಸೋ ಆ ತಟ್ಟೆಯನ್ನು ಹಾಕಿದ. ನೆಲ ಅದುರಿತು. ಡಬ್ಲ್ಯುಬಿಎಲ್ಎಸ್ ರೇಡಿಯೋ ಕೇಂದ್ರದ ಫ್ರ್ಯಾಂಕಿ ಕ್ರಾಕರ್ ಅದನ್ನು ಎತ್ತಿಕೊಂಡು ಗಾಳಿಗೆ ಬಿಟ್ಟ. ಊರಿನ ಜನ ಅಂಗಡಿಗಳಿಗೆ ನುಗ್ಗಿದರು. ಅಂಗಡಿಗಳಲ್ಲಿ ತಟ್ಟೆಯೇ ಇರಲಿಲ್ಲ! ಬೇರೆ ವಾದ್ಯಗೋಷ್ಠಿಗಳು ಅವಸರದಲ್ಲಿ ನಕಲು ಮಾಡಿ ಮಾರಿದವು. ಕಡೆಗೆ ಅಟ್ಲಾಂಟಿಕ್ ಎಂಬ ದೊಡ್ಡ ಕಂಪನಿ ಮೂಲ ಹಾಡಿನ ಹಕ್ಕು ಪಡೆದು ಹೊರತಂದಿತು. 1973ರ ಬೇಸಿಗೆಯಲ್ಲಿ ಅದು ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 35ನೆಯ ಸ್ಥಾನಕ್ಕೆ ಏರಿತು.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಈ ಹಾಡು ಹರಡಲು ತೊಡಗಿದಾಗ ರೇಡಿಯೋದ ಕದ ತಟ್ಟಲು ಅಮೆರಿಕದಲ್ಲಿ ಅದಕ್ಕೊಂದು ಕಂಪನಿಯೇ ಇರಲಿಲ್ಲ. ಕುಣಿದವರ ಕಾಲುಗಳೇ ಅದಕ್ಕೆ ಶಿಫಾರಸು. ಹಾಡು ನೆಲದಿಂದ ಗಾಳಿಗೆ ಹೋಯಿತು, ಗಾಳಿಯಿಂದ ಅಂಗಡಿಗೆ ಬಂತು. ಸಾಮಾನ್ಯವಾಗಿ ನಡೆಯುವುದು ಇದರ ತಿರುವು ಮುರುವು.

ಕಾರಣ ಸರಳ ಲೆಕ್ಕದಲ್ಲಿದೆ. ದಿನಕ್ಕೆ 24 ಗಂಟೆ. ಒಂದು ಹಾಡಿಗೆ ಮೂರು ನಾಲ್ಕು ನಿಮಿಷ. ಜಾಹೀರಾತು, ಮಾತು, ವಾರ್ತೆ ಕಳೆದರೆ ಗಂಟೆಗೆ ಹತ್ತು ಹದಿನೈದು ಹಾಡು ಹಿಡಿಸಬಹುದು. ಅವುಗಳಲ್ಲಿ ಹೆಚ್ಚಿನವು ಈಗಾಗಲೇ ಗೆದ್ದ ಹಾಡುಗಳು, ಮತ್ತೆ ಮತ್ತೆ ಬರಲೇಬೇಕು. ಹೊಸದಕ್ಕೆ ಉಳಿಯುವುದು ವಾರಕ್ಕೆ ಬೆರಳೆಣಿಕೆಯ ಜಾಗ. ಆ ಜಾಗಕ್ಕೆ ಬಾಗಿಲಲ್ಲಿ ಕಾದಿರುವ ತಟ್ಟೆಗಳು ನೂರಾರು. ಜಾಗ ಕಡಿಮೆ, ಬೇಡಿಕೆ ಹೆಚ್ಚು ಎಂದಮೇಲೆ ಅಲ್ಲಿ ಬೆಲೆ ಹುಟ್ಟದೆ ಇರುತ್ತದೆಯೆ? ತರಕಾರಿ ಮಾರುಕಟ್ಟೆಯ ನಿಯಮವೇ ಇಲ್ಲಿಯೂ.

ಕಂಪನಿಗಳು ಆ ಜಾಗಕ್ಕಾಗಿ ಹಾತೊರೆಯಲು ಇನ್ನೊಂದು ಕಾರಣ ಮನುಷ್ಯನ ಮನಸ್ಸಿನಲ್ಲಿಯೇ ಇದೆ. ರಾಬರ್ಟ್ ಝಯಾಂಕ್ ಎಂಬ ಮನೋವಿಜ್ಞಾನಿ 1968ರಲ್ಲಿ ತನ್ನ ಕೆಲವು ಪ್ರಯೋಗಗಳನ್ನು ಪ್ರಕಟಿಸಿದ. ಅರ್ಥವೇ ಇಲ್ಲದ ಪದಗಳನ್ನು, ಚೀನೀ ಲಿಪಿಯಂಥ ಗುರುತುಗಳನ್ನು ಆತ ಜನರ ಮುಂದೆ ಇಟ್ಟ. ಕೆಲವನ್ನು ಒಂದೆರಡು ಸಲ ತೋರಿಸಿದ, ಕೆಲವನ್ನು 25 ಸಲ. ಇವುಗಳಲ್ಲಿ ಯಾವುದಕ್ಕೆ ಒಳ್ಳೆಯ ಅರ್ಥ ಇರಬಹುದು ಎಂದು ಕೇಳಿದಾಗ ಜನ ಹೆಚ್ಚು ಸಲ ಕಂಡದ್ದರತ್ತಲೇ ವಾಲಿದರು. ಪರಿಚಯವೇ ಪ್ರೀತಿಯಾಯಿತು. ಕಣ್ಣಿಗೆ ಕಂಡದ್ದರ ಮಾತು ಹೀಗಾದರೆ ಕಿವಿಗೆ ಬೀಳುವ ತಾಳದ ಮಾತು ಬೇರೆ ಹೇಳಬೇಕಿಲ್ಲ.

ಕಲ್ಲುಸಕ್ಕರೆ ಮಾಡುವುದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಗಟ್ಟಿ ಪಾಕದಲ್ಲಿ ಒಂದು ದಾರ ಇಳಿಬಿಟ್ಟರೆ ಮೊದಲು ಒಂದು ಸಣ್ಣ ಹರಳು ಅಂಟಿಕೊಳ್ಳುತ್ತದೆ. ಆ ಹರಳಿಗೆ ಇನ್ನೊಂದು, ಅದಕ್ಕೆ ಮತ್ತೊಂದು. ಆಮೇಲೆ ಯಾರೂ ಏನೂ ಮಾಡಬೇಕಿಲ್ಲ. ರೇಡಿಯೋದಲ್ಲಿ ಕೇಳಿ ಜನ ಮೆಚ್ಚುತ್ತಾರೆ, ಮೆಚ್ಚಿ ಕೊಳ್ಳುತ್ತಾರೆ, ಕೊಂಡದ್ದರಿಂದ ಹಾಡು ಪಟ್ಟಿಯಲ್ಲಿ ಏರುತ್ತದೆ, ಏರಿದ್ದರಿಂದ ರೇಡಿಯೋ ಇನ್ನೂ ಹೆಚ್ಚು ಹಾಕುತ್ತದೆ. ರೆಕಾರ್ಡು ಕಂಪನಿಗೆ ಬೇಕಾದ್ದು ಮೊದಲ ಹರಳು ಮಾತ್ರ. ಅದಕ್ಕೆ ಎಷ್ಟು ಕೊಟ್ಟರೂ ನಷ್ಟವಿಲ್ಲ.

ಹಣ ಅಂದರೆ ಹೆಣವೂ ಬಾಯಿ ಬಿಡುತ್ತದೆ ಎಂಬ ಗಾದೆಯಿದೆ. ರೇಡಿಯೋ ಬಾಯಿ ಬಿಡುವುದಕ್ಕೆ ಅಮೆರಿಕದವರು ಒಂದು ಹೆಸರನ್ನೇ ಇಟ್ಟರು, ‘ಪೆಯೋಲಾ’. ‘ಪೇ’ ಎಂದರೆ ಹಣ ಕೊಡುವುದು. ಅದಕ್ಕೆ ‘ವಿಕ್ಟ್ರೋಲಾ’ ಎಂಬ ಹಳೆಯ ಗ್ರಾಮಫೋನಿನ ಬಾಲ ಅಂಟಿಸಿದರು. ಈ ಪದದೊಡನೆ ಇಂದಿಗೂ ಅಂಟಿಕೊಂಡಿರುವ ಹೆಸರು ಅಲನ್ ಫ್ರೀಡ್.

ಫ್ರೀಡ್ 1951ರಲ್ಲಿ ಕ್ಲೀವ್‌ಲ್ಯಾಂಡ್ ನಗರದ ರೇಡಿಯೋದಲ್ಲಿ ರೆಕಾರ್ಡು ಹಾಕುವ ಡಿಸ್ಕ್ ಜಾಕಿ. ಅದೇ ಊರಿನಲ್ಲಿ ಲಿಯೋ ಮಿಂಟ್ಸ್ ಎಂಬಾತನ ರೆಕಾರ್ಡು ಅಂಗಡಿ. ಕಪ್ಪು ಗಾಯಕರ ಕುಣಿತದ ಹಾಡುಗಳನ್ನು ಬಿಳಿಯರ ಮಕ್ಕಳೂ ಬಂದು ಕೊಳ್ಳುತ್ತಿರುವುದನ್ನು ಮಿಂಟ್ಸ್ ಗಮನಿಸಿದ್ದ. ಅವನ್ನು ರೇಡಿಯೋದಲ್ಲಿ ಹಾಕು ಎಂದು ಫ್ರೀಡ್‌ಗೆ ಹೇಳಿ ತಾನೇ ಆ ಕಾರ್ಯಕ್ರಮದ ಪ್ರಾಯೋಜಕನಾದ. ಇದೂ ಹಣವೇ. ಆದರೆ ಊರಿಗೆಲ್ಲ ತಿಳಿದ ಹಣ. ‘ರಾಕ್ ಅಂಡ್ ರೋಲ್’ ಎಂಬ ಹೆಸರು ಮನೆಮಾತಾದದ್ದು ಫ್ರೀಡ್‌ನ ಬಾಯಿಂದ. 1954ರಲ್ಲಿ ಆತ ನ್ಯೂಯಾರ್ಕಿಗೆ ಬಂದ. ಆ ಕಾಲದಲ್ಲಿ ಕಪ್ಪು ಗಾಯಕನ ಹಾಡು ಗೆದ್ದರೆ ಅದನ್ನೇ ಬಿಳಿ ಗಾಯಕನಿಂದ ಹಾಡಿಸಿ ಮಾರುವುದು ಕಂಪನಿಗಳ ರೂಢಿ. ಹೆಚ್ಚಿನ ಕೇಂದ್ರಗಳು ಆ ನಕಲನ್ನೇ ಹಾಕುತ್ತಿದ್ದವು. ಫ್ರೀಡ್ ಪಟ್ಟು ಹಿಡಿದು ಮೂಲ ಗಾಯಕರನ್ನೇ ಹಾಕುತ್ತಿದ್ದ. ಇದು ಆತನ ದೊಡ್ಡತನ.

ಆದರೆ ಅದೇ ಫ್ರೀಡ್‌ನ ಇನ್ನೊಂದು ಮುಖವೂ ಇದೆ. 1955ರಲ್ಲಿ ಚಕ್ ಬೆರ್ರಿ ಎಂಬ ಕಪ್ಪು ಯುವಕನ ಮೊದಲ ತಟ್ಟೆ ‘ಮೇಬೆಲೀನ್’ ಹೊರಬಂತು. ಹಾಡು ಕಟ್ಟಿದವನು ಬೆರ್ರಿ. ಅಚ್ಚಾದ ತಟ್ಟೆಯ ಮೇಲೆ ನೋಡಿದರೆ ರಚನಕಾರರು ಮೂವರು! ಅವರಲ್ಲಿ ಒಬ್ಬ ಅಲನ್ ಫ್ರೀಡ್. ಹಾಡಿನ ಒಂದು ಸಾಲಿಗೂ ಫ್ರೀಡ್ ಕೈ ಹಾಕಿರಲಿಲ್ಲ. ಹೆಸರು ಸೇರಿಸಿದರೆ ಗೌರವಧನದಲ್ಲಿ ಪಾಲು ಬರುತ್ತದೆ, ಪಾಲು ಬಂದರೆ ಹಾಡು ಹೆಚ್ಚು ಸಲ ಗಾಳಿಗೆ ಹೋಗುತ್ತದೆ ಎಂಬುದು ಏರ್ಪಾಡು. ತನ್ನ ಹಾಡು ಪೂರ್ತಿ ತನ್ನದಾಗಲು ಬೆರ್ರಿ 1986ರವರೆಗೆ ಕಾಯಬೇಕಾಯಿತು. ಆ ಹಾಡು ಫ್ರೀಡ್‌ಗೆ ನಿಜವಾಗಿಯೂ ಹಿಡಿಸಿತ್ತೆ? ಬಹುಶಃ ಹಿಡಿಸಿತ್ತು. ಅಂಥ ಹಾಡುಗಳಿಗಾಗಿಯೇ ಆತ ಜಗಳವಾಡಿದವನು. ಆದರೆ ಕೈಗೆ ಕಾಸು ಬಂದಮೇಲೆ ಕಿವಿ ಮೆಚ್ಚಿದ್ದೆಷ್ಟು, ಕೈ ಮೆಚ್ಚಿದ್ದೆಷ್ಟು ಎಂದು ಬಿಡಿಸಿ ಹೇಳಲು ಅವನಿಗೂ ಸಾಧ್ಯವಾಗುತ್ತಿರಲಿಲ್ಲ. ಪೆಯೋಲಾದ ನಿಜವಾದ ಕೇಡು ಇದು. ಕೆಟ್ಟ ಹಾಡನ್ನು ಮೇಲೆತ್ತುತ್ತದೆ ಎಂಬುದಷ್ಟೇ ಅಲ್ಲ, ಒಳ್ಳೆಯ ಹಾಡಿನ ಗೆಲುವಿನ ಮೇಲೂ ಶಂಕೆಯ ನೆರಳು ಬೀಳಿಸುತ್ತದೆ.

1959ರ ಕೊನೆಗೆ ಸಂಸತ್ತು ಈ ವ್ಯವಹಾರವನ್ನು ಕೆದಕಲು ಹೊರಟಿತು. ತಾನು ಎಂದೂ ಹಣ ಪಡೆದಿಲ್ಲ ಎಂಬ ಹೇಳಿಕೆಗೆ ಸಹಿ ಹಾಕು ಎಂದು ಫ್ರೀಡ್‌ಗೆ ಆತ ಕೆಲಸ ಮಾಡುತ್ತಿದ್ದ ಕೇಂದ್ರ ಹೇಳಿತು. ಆತ ಒಪ್ಪಲಿಲ್ಲ. ಕೆಲಸ ಹೋಯಿತು. ಅದೇ ವಿಚಾರಣೆಗೆ ಬಂದ ಇನ್ನೊಬ್ಬ ಡಿಕ್ ಕ್ಲಾರ್ಕ್. ಹುಡುಗ ಹುಡುಗಿಯರು ಕುಣಿಯುವ ಟೆಲಿವಿಷನ್ ಕಾರ್ಯಕ್ರಮ ಅವನದು. ಹಲವು ಸಂಗೀತ ಕಂಪನಿಗಳಲ್ಲಿ ಅವನಿಗೆ ಪಾಲಿತ್ತು. ಪಾಲನ್ನೆಲ್ಲ ಮಾರಿ, ಅಚ್ಚುಕಟ್ಟಾಗಿ ಬಂದು ಉತ್ತರ ಕೊಟ್ಟು ಆತ ಪಾರಾದ. ಅವನ ಕಾರ್ಯಕ್ರಮ 1989ರವರೆಗೂ ನಡೆಯಿತು. ಫ್ರೀಡ್ 1962ರಲ್ಲಿ ತಪ್ಪೊಪ್ಪಿಕೊಂಡ. ಶಿಕ್ಷೆ 300 ಡಾಲರ್ ದಂಡ, ಜೊತೆಗೆ ಅಮಾನತಿನಲ್ಲಿಟ್ಟ ಆರು ತಿಂಗಳ ಸಜೆ. ದಂಡ ಸಣ್ಣದು, ಬಿದ್ದ ಪೆಟ್ಟು ದೊಡ್ಡದು. ದೊಡ್ಡ ಕೇಂದ್ರಗಳು ಮತ್ತೆ ಕರೆಯಲಿಲ್ಲ. 1965ರ ಜನವರಿಯಲ್ಲಿ ಆತ ತೀರಿಕೊಂಡಾಗ ವಯಸ್ಸು 43. ಹಣ ಕೊಟ್ಟ ಕಂಪನಿಗಳ ಮಾಲೀಕರಲ್ಲಿ ಎಷ್ಟು ಮಂದಿಯ ಹೆಸರು ಇಂದು ಜನರ ನೆನಪಿನಲ್ಲಿದೆ?

ಈ ಗದ್ದಲದಿಂದ 1960ರಲ್ಲಿ ಒಂದು ಕಾನೂನು ಬಂತು. ಅದನ್ನು ತಾಳ್ಮೆಯಿಂದ ಓದಿದವರಿಗೆ ಆಶ್ಚರ್ಯವಾಗುತ್ತದೆ. ಹಣ ಪಡೆದು ಹಾಡು ಹಾಕುವುದು ಅದರ ಪ್ರಕಾರ ಅಪರಾಧವಲ್ಲ! ಪಡೆದದ್ದನ್ನು ಕೇಳುಗರಿಗೆ ತಿಳಿಸದಿರುವುದು ಅಪರಾಧ. ಒಂದು ವರ್ಷದವರೆಗೆ ಸಜೆ, 10,000 ಡಾಲರ್‌ವರೆಗೆ ದಂಡ. ಆಕಾಶವಾಣಿ ಕೇಳಿ ಬೆಳೆದವರಿಗೆ ‘ಈ ಕಾರ್ಯಕ್ರಮದ ಪ್ರಾಯೋಜಕರು’ ಎಂಬ ಮಾತು ಚೆನ್ನಾಗಿ ಗೊತ್ತು. ಆ ಒಂದು ವಾಕ್ಯವನ್ನೇ ಕಾನೂನು ಕೇಳಿದ್ದು. ಅದೊಂದು ವಾಕ್ಯ ಹೇಳಿಬಿಟ್ಟರೆ ಕೇಳುಗ ಎಚ್ಚರಗೊಳ್ಳುತ್ತಾನೆ, ಕೊಟ್ಟ ಹಣ ವ್ಯರ್ಥವಾಗುತ್ತದೆ. ಆದ್ದರಿಂದಲೇ ಕಂಪನಿಗಳು ಎಷ್ಟಾದರೂ ಖರ್ಚು ಮಾಡಲು ಸಿದ್ಧ, ಆ ವಾಕ್ಯ ಮಾತ್ರ ಬೇಡ.

ಮ್ಯಾಂಕೂಸೋನ ಮಾಳಿಗೆ ಕಾಣಬಂದದ್ದು ಇದಾಗಿ ಹತ್ತು ವರ್ಷಗಳ ಬಳಿಕ. ‘ಸೋಲ್ ಮಕೋಸ’ದ ಹಿಂದೆಯೇ 1974ರಲ್ಲಿ ‘ರಾಕ್ ದ ಬೋಟ್’ ಎಂಬ ಹಾಡು ಕೂಡ ಕ್ಲಬ್ಬುಗಳಲ್ಲಿ ಕುಣಿಸಿ, ಆಮೇಲೆ ರೇಡಿಯೋ ಸೇರಿ, ಪಟ್ಟಿಯ ತುದಿಗೇರಿತು. ಕಂಪನಿಗಳು ಕಣ್ಣು ತೆರೆದವು. ರೇಡಿಯೋದ ಮುಂಬಾಗಿಲು ಇಕ್ಕಟ್ಟಾದರೆ ಹಿತ್ತಲ ಬಾಗಿಲು ಕುಣಿತದ ನೆಲದಲ್ಲಿದೆ ಎಂದು ಅವಕ್ಕೆ ತಿಳಿಯಿತು. ಅತ್ತ ಕ್ಲಬ್ಬುಗಳ ಡಿಸ್ಕ್ ಜಾಕಿಗಳು ಒಂದೊಂದು ತಟ್ಟೆಗಾಗಿ ಕಂಪನಿಯ ಕಚೇರಿಗಳಿಗೆ ಅಲೆಯುತ್ತಿದ್ದರು. ಮ್ಯಾಂಕೂಸೋ ಮತ್ತು ಗೆಳೆಯರು 1975ರಲ್ಲಿ ‘ರೆಕಾರ್ಡ್ ಪೂಲ್’ ಎಂಬ ಸಂಘ ಕಟ್ಟಿದರು. ಕಂಪನಿಗಳು ಹೊಸ ತಟ್ಟೆಗಳನ್ನು ಸಂಘಕ್ಕೆ ಉಚಿತವಾಗಿ ಕೊಡಬೇಕು. ಸದಸ್ಯರು ಅವನ್ನು ಹಾಕಿ ನೋಡಿ, ಜನ ಹೇಗೆ ಕುಣಿದರು ಎಂದು ಬರೆದು ಕಳಿಸಬೇಕು. ಹಾಕಲೇಬೇಕೆಂಬ ಕಟ್ಟುಪಾಡಿಲ್ಲ. ಗುಟ್ಟಿನ ಲಕೋಟೆಯೂ ಇಲ್ಲ.

ಕಂಪನಿಯ ಪ್ರಭಾವ ಇಲ್ಲಿಯೂ ಇತ್ತು. ಕಳಿಸಿದ ತಟ್ಟೆ ಮಾತ್ರ ಪರೀಕ್ಷೆಗೆ ಬರುತ್ತದೆ, ಕಳಿಸಲಾಗದ ಬಡವನದು ಬರುವುದಿಲ್ಲ. ಆದರೂ ಪರೀಕ್ಷೆ ಬಯಲಿನಲ್ಲಿ ನಡೆಯುತ್ತಿತ್ತು. ಕುಣಿಯಲಾರದವರು ನೆಲ ಡೊಂಕು ಎನ್ನುವುದುಂಟು. ಕುಣಿಯುವವರೇ ನೆಲ ಬಿಟ್ಟು ಹೋಗಿ ಗೋಡೆಗೆ ಒರಗಿದರೆ ಡೊಂಕು ಹಾಡಿನಲ್ಲಿಯೇ ಇರಬೇಕು. ರೇಡಿಯೋದಲ್ಲಿ ಹಾಡು ಹಾಕುವವನಿಗೆ ಕೇಳುಗನ ಮುಖ ಕಾಣದು. ನೆಲದ ಮುಂದೆ ನಿಂತವನಿಗೆ ಐನೂರು ಕಾಲುಗಳು ಎದುರಿಗೇ ಉತ್ತರ ಹೇಳುತ್ತವೆ. ಆ ಕಾಲುಗಳಿಗೆ ಲಂಚ ಕೊಡುವುದು ಹೇಗೆ?

ಕೊಡುವ ಅಗತ್ಯವೇ ಬರಲಿಲ್ಲ. 1978ರ ಜುಲೈನಲ್ಲಿ ನ್ಯೂಯಾರ್ಕಿನ ಡಬ್ಲ್ಯುಕೆಟಿಯು ಕೇಂದ್ರ ತನ್ನ ಮೆಲುದನಿಯ ಹಾಡುಗಳನ್ನೆಲ್ಲ ಬಿಟ್ಟು ಡಿಸ್ಕೋಗೆ ತಿರುಗಿತು. ವರ್ಷ ಮುಗಿಯುವಷ್ಟರಲ್ಲಿ ಊರಿನ ಅತಿ ಹೆಚ್ಚು ಕೇಳುಗರ ಕೇಂದ್ರವಾಯಿತು. ಊರೂರಿನ ಕೇಂದ್ರಗಳು ಅದರ ಹಿಂದೆ ಓಡಿದವು. ಕಂಪನಿಗಳು ಕಂಡ ಕಂಡ ಹಾಡಿಗೆಲ್ಲ ಅದೇ ತಾಳ ಹಾಕಿ ಸುರಿದವು. ಕುಣಿಯುವವರು ಆರಿಸಿದ್ದು ಮುಗಿದು, ಅವರ ಹೆಸರಿನಲ್ಲಿ ತಯಾರಾದದ್ದು ಗಾಳಿಯನ್ನು ತುಂಬಿತು.

ಅತಿಯಾದದ್ದು ತಿರುಗಿ ಹೊಡೆಯಿತು. ಷಿಕಾಗೋದ ಒಂದು ಕೇಂದ್ರ ಡಿಸ್ಕೋಗೆ ತಿರುಗಿದಾಗ ಸ್ಟೀವ್ ಡಾಲ್ ಎಂಬ ಡಿಸ್ಕ್ ಜಾಕಿ ಕೆಲಸ ಕಳೆದುಕೊಂಡ. ಬೇರೆ ಕೇಂದ್ರ ಸೇರಿ ಡಿಸ್ಕೋ ವಿರುದ್ಧ ಸಮರ ಸಾರಿದ. 1979ರ ಜುಲೈ 12ರಂದು ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಕ್ರೀಡಾಂಗಣಕ್ಕೆ ಒಂದು ಡಿಸ್ಕೋ ತಟ್ಟೆ ತಂದವರಿಗೆ 98 ಸೆಂಟ್‌ಗೆ ಪ್ರವೇಶ. ಸುಮಾರು 50,000 ಜನ ಸೇರಿದರು. ತಟ್ಟೆಗಳನ್ನು ಮೈದಾನದ ನಡುವೆ ಸಿಡಿಸಿದ್ದೇ ತಡ, ಸಾವಿರಾರು ಮಂದಿ ಒಳನುಗ್ಗಿದರು. ಎರಡನೆಯ ಪಂದ್ಯ ನಡೆಯಲೇ ಇಲ್ಲ. ಅಲ್ಲಿ ಜನರನ್ನು ಸೀಟಿಗೆ ಕೂರಿಸುವ ಕೆಲಸಕ್ಕಿದ್ದ ಕಪ್ಪು ಹುಡುಗ ವಿನ್ಸ್ ಲಾರೆನ್ಸ್ ಒಂದನ್ನು ಗಮನಿಸಿದ. ಜನ ತಂದದ್ದು ಡಿಸ್ಕೋ ಮಾತ್ರವಲ್ಲ, ಕಪ್ಪು ಗಾಯಕರ ಬೇರೆ ತಟ್ಟೆಗಳೂ ಅದರಲ್ಲಿದ್ದವು. ಕಂಪನಿಗಳ ಅತಿಯಾಸೆಯ ಮೇಲಿನ ಸಿಟ್ಟಿನಲ್ಲಿ ಯಾರ ಮೇಲಿನ ದ್ವೇಷ ಬೆರೆತಿತ್ತು ಎಂಬುದು ಅವನಿಗೆ ಕಂಡಿತ್ತು.

ರೇಡಿಯೋ ಕೇಂದ್ರಗಳು ಡಿಸ್ಕೋವನ್ನು ಬೇಗ ಬೇಗ ಕೈಬಿಟ್ಟವು. ನೆಲ ಮಾತ್ರ ಬಿಡಲಿಲ್ಲ. ಅದೇ ಷಿಕಾಗೋದ ಕ್ಲಬ್ಬುಗಳಲ್ಲಿ ‘ಹೌಸ್’ ಎಂಬ ಹೊಸ ಕುಣಿತದ ಸಂಗೀತ ಹುಟ್ಟಿತು. ಅದರ ಮೊದಲ ತಟ್ಟೆ ಎಂದು ಅನೇಕರು ಹೇಳುವ 1984ರ ‘ಆನ್ ಅಂಡ್ ಆನ್’ ಹಾಡನ್ನು ಜೆಸ್ಸಿ ಸಾಂಡರ್ಸ್ ಜೊತೆ ಸೇರಿ ಕಟ್ಟಿದವನು ಅದೇ ವಿನ್ಸ್ ಲಾರೆನ್ಸ್! ದೊಡ್ಡ ಕಂಪನಿಗಳು ಬೆನ್ನು ತಿರುಗಿಸಿದ್ದ ಹೊತ್ತಿನಲ್ಲಿ ಊರಿನ ಹುಡುಗರೇ ತಟ್ಟೆ ಅಚ್ಚು ಹಾಕಿಸಿದರು, ಊರಿನ ಒಂದು ಕೇಂದ್ರ ಅವನ್ನು ಹಾಕಿತು.

ದೊಡ್ಡ ಕಂಪನಿಗಳು ಆ ವೇಳೆಗೆ ಹೊಸ ದಾರಿ ಕಂಡುಕೊಂಡಿದ್ದವು. ತಾವೇ ಕೊಟ್ಟರೆ ಕಾನೂನು ಹಿಡಿಯುತ್ತದೆ, ಆದ್ದರಿಂದ ನಡುವೆ ದಳ್ಳಾಳಿಗಳು ಬಂದರು. ಹಾಡು ರೇಡಿಯೋಗೆ ಸೇರಿಸಲು ಕಂಪನಿ ದಳ್ಳಾಳಿಗೆ ಶುಲ್ಕ ಕೊಡುತ್ತದೆ. ದಳ್ಳಾಳಿ ಯಾರಿಗೆ ಏನು ಕೊಟ್ಟ ಎಂದು ಕಂಪನಿ ಕೇಳುವುದಿಲ್ಲ. ಪತ್ರಕರ್ತ ಫ್ರೆಡ್ರಿಕ್ ಡ್ಯಾನೆನ್ 1990ರ ‘ಹಿಟ್ ಮೆನ್’ ಪುಸ್ತಕದಲ್ಲಿ ಒಂದು ಪ್ರಸಂಗ ಬರೆದಿದ್ದಾನೆ. 1980ರಲ್ಲಿ ಪಿಂಕ್ ಫ್ಲಾಯ್ಡ್ ತಂಡ ಡಿಸ್ಕೋ ತಾಳ ಬೆರೆಸಿ ಮಾಡಿದ ಹಾಡೊಂದು ದೇಶವಿಡೀ ಮೊಳಗುತ್ತಿತ್ತು. ತಂಡ ಲಾಸ್ ಏಂಜಲೀಸ್‌ನಲ್ಲಿ ಕಛೇರಿ ನಡೆಸಿದಾಗ ಟಿಕೆಟ್ಟುಗಳೆಲ್ಲ ಖಾಲಿ. ಅದೇ ಊರಿನ ದೊಡ್ಡ ಕೇಂದ್ರಗಳಲ್ಲಿ ಆ ಹಾಡೇ ಇಲ್ಲ! ಕಂಪನಿ ಪರೀಕ್ಷೆಗೆಂದು ದಳ್ಳಾಳಿಗಳ ಶುಲ್ಕ ನಿಲ್ಲಿಸಿತ್ತು. ಮತ್ತೆ ಕೊಡಲು ಒಪ್ಪಿದ ಕೂಡಲೇ ಹಾಡು ಗಾಳಿಗೆ ಬಂತು. ಇಂಥ ವಿದ್ಯಮಾನಗಳನ್ನು 1986ರಲ್ಲಿ ಟೆಲಿವಿಷನ್ ವಾರ್ತೆ ಬಯಲಿಗೆಳೆದಾಗ ಕಂಪನಿಗಳು ದಳ್ಳಾಳಿಗಳನ್ನು ದೂರ ತಳ್ಳಿದವು. ಆದರೆ ಮೊದಲ ಹರಳಿನ ಆಸೆ ಹೋಗಲಿಲ್ಲ.

ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಎಲಿಯಟ್ ಸ್ಪಿಟ್ಜರ್ 2005ರಲ್ಲಿ ಮತ್ತೆ ಕೆದಕಿದಾಗ ಹೊರಬಂದ ಕಾಗದಗಳು ಇದನ್ನು ತೋರಿಸಿದವು. ಕೇಂದ್ರದವರಿಗೆ ಪ್ರವಾಸ, ಟೆಲಿವಿಷನ್, ಕಂಪ್ಯೂಟರ್. ಕೇಳುಗರ ಸ್ಪರ್ಧೆಗೆಂದು ಕಳಿಸಿದ ಬಹುಮಾನ ಕೇಂದ್ರದ ನೌಕರನಿಗೆ. ಜೆನಿಫರ್ ಲೋಪೆಜ್‌ಳ ಹಾಡೊಂದರ ಬಗೆಗಿನ ಟಿಪ್ಪಣಿಯಲ್ಲಿ ಲೆಕ್ಕ ಇನ್ನೂ ಸ್ಪಷ್ಟ. ಆ ವಾರ ಹಾಡು 236 ಸಲ ಹೆಚ್ಚಿಗೆ ಬಂತು, ಅದರಲ್ಲಿ 63 ಸಲ 3,600 ಡಾಲರ್ ಕೊಟ್ಟು ಕೊಂಡದ್ದು. ಭಾಗಿಸಿದರೆ ಒಂದು ಸಲಕ್ಕೆ 57 ಡಾಲರ್. ಬೆಳವಣಿಗೆಯ ಕಾಲು ಭಾಗಕ್ಕಿಂತ ಹೆಚ್ಚು ಕೇಳುಗರದಲ್ಲ, ಖಜಾನೆಯದು.

ಎಲ್ಲಕ್ಕಿಂತ ನೋವಿನ ಸಂಗತಿ ಇನ್ನೊಂದು. ರೇಡಿಯೋಗೆ ಫೋನ್ ಮಾಡಿ ‘ಆ ಹಾಡು ಹಾಕಿ’ ಎಂದು ಕೇಳಲು ಕಂಪನಿಗಳು ಬಾಡಿಗೆಯ ಜನರನ್ನು ಇಟ್ಟಿದ್ದವು. ಎಲ್ಲೋ ಒಬ್ಬ ಹುಡುಗಿ ತನಗೆ ನಿಜವಾಗಿಯೂ ಬೇಕಾದ ಹಾಡಿಗಾಗಿ ಡಯಲ್ ಮಾಡಿ ಕಾಯುತ್ತಿರುತ್ತಾಳೆ. ಅವಳಿಗಿಂತ ಮುಂದಿನ ಸರದಿಯಲ್ಲಿ, ಅವಳಂತೆಯೇ ದನಿ ಮಾಡಿ, ಕೂಲಿಗೆ ಬಂದವರು ಕೇಳುತ್ತಿರುತ್ತಾರೆ. ಕೇಂದ್ರದವರು ಸೋತರೆ ಹೋಗಲಿ ಎನ್ನಬಹುದು. ಕೇಳುಗಳ ಜಾಗದಲ್ಲಿಯೇ ಬೇರೆಯವರನ್ನು ಕೂರಿಸಿದರೆ ಅವಳು ಎಲ್ಲಿ ಹೋಗಬೇಕು?

ಸೋನಿ ಬಿಎಂಜಿ 1 ಕೋಟಿ ಡಾಲರ್ ಕೊಟ್ಟು ರಾಜಿಯಾಯಿತು. ಉಳಿದ ಮೂರು ದೊಡ್ಡ ಕಂಪನಿಗಳು ಹಿಂಬಾಲಿಸಿದವು. 2007ರಲ್ಲಿ ನಾಲ್ಕು ರೇಡಿಯೋ ಸಂಸ್ಥೆಗಳು ಒಟ್ಟು 1.25 ಕೋಟಿ ಡಾಲರ್ ಸರ್ಕಾರಕ್ಕೆ ಕಟ್ಟಿದವು. ಸಣ್ಣ ಕಂಪನಿಗಳ, ಸ್ಥಳೀಯ ಕಲಾವಿದರ ಸಂಗೀತಕ್ಕೆ 8,400 ಅರ್ಧ ಗಂಟೆಗಳನ್ನು ಬಿಟ್ಟುಕೊಡಲು ಒಪ್ಪಿದವು. ಕಿತ್ತುಕೊಂಡದ್ದು ಸಮಯವೇ ಆದ್ದರಿಂದ ಸಮಯವನ್ನೇ ಹಿಂದಕ್ಕೆ ಕೊಡಿಸಿದ್ದು ಸರಿಯಾದ ದಂಡ.

ಈಗ ಹಾಡು ಕೇಳುವುದು ಮೊಬೈಲಿನಲ್ಲಿ. ಆರಿಸಿ ಕೊಡುವುದು ಯಂತ್ರ. ಯಂತ್ರಕ್ಕೆ ಲಂಚವೆಲ್ಲಿಯದು ಎನಿಸಬಹುದು. 2020ರಲ್ಲಿ ಸ್ಪಾಟಿಫೈ ಒಂದು ಏರ್ಪಾಡು ತಂದಿತು. ಕಂಪನಿಯಾಗಲಿ ಕಲಾವಿದನಾಗಲಿ ಒಂದು ಹಾಡಿಗೆ ಕಡಿಮೆ ಗೌರವಧನ ಒಪ್ಪಿಕೊಂಡರೆ, ಕೇಳುಗನಿಗೆ ತಾನಾಗಿ ಹಾಡು ಒದಗಿಸುವ ಕಡೆಗಳಲ್ಲಿ ಅದು ಮುಂದೆ ಬರುವ ಸಾಧ್ಯತೆ ಹೆಚ್ಚುತ್ತದೆ. ಇದು ಹೊಸ ಬಾಟಲಿಯ ಪೆಯೋಲಾ ಎಂದು ಟೀಕಿಸಿದವರಿದ್ದಾರೆ. ಬಹಿರಂಗವಾಗಿ ಪ್ರಕಟಿಸಿದ ಏರ್ಪಾಡು ಎಂಬುದು ಇನ್ನೊಂದು ಕಡೆಯ ವಾದ. ಎರಡನ್ನೂ ತೂಗುವ ತಕ್ಕಡಿ 1960ರದೇ: ಹಾಡು ಕಿವಿಗೆ ಬೀಳುವ ಕ್ಷಣದಲ್ಲಿ, ಅದು ಯಾಕೆ ಬಿತ್ತೆಂದು ಕೇಳುಗನಿಗೆ ಗೊತ್ತಿದೆಯೆ?

ಮನು ದಿಬಾಂಗೋ 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡ. ಅವನ ಹಿಂಮಗ್ಗುಲಿನ ಹಾಡಿನ ಪಲ್ಲವಿಯನ್ನು ಮೈಕೇಲ್ ಜಾಕ್ಸನ್ 1982ರಲ್ಲಿ ಬಳಸಿಕೊಂಡಿದ್ದ, 2007ರಲ್ಲಿ ರಿಹಾನಾ ಬಳಸಿಕೊಂಡಳು. ಜಗತ್ತಿನ ಅತಿ ದೊಡ್ಡ ಕಂಪನಿಗಳು ಮಾರಿದ ಹಾಡುಗಳ ಒಳಗೆ, ಯಾವ ಕಂಪನಿಯೂ ತಳ್ಳದೆ ಬಂದ ಆ ಹಾಡಿನ ಚೂರು ಕುಳಿತಿದೆ. ಬ್ರೂಕ್ಲಿನ್ನಿನ ಅಂಗಡಿಯಲ್ಲಿ ಅಂದು ಯಾರೋ ಅದನ್ನು ಎತ್ತಿ ನೋಡಿದ್ದರಿಂದ ಅದು ಉಳಿಯಿತು. ಪಕ್ಕದಲ್ಲಿದ್ದ ತಟ್ಟೆಗಳಲ್ಲಿ ಎಂಥೆಂಥ ಹಾಡುಗಳಿದ್ದವೋ! ಅವನ್ನು ಎತ್ತಿ ನೋಡಲು ಯಾರೂ ಬರಲಿಲ್ಲ.